ಬೆನ್ನು ಪೂರ್ತಿ ನೆಟ್ಟಗಾಗುತ್ತದೆಯೇ?

ಪ್ರಶ್ನೆ: ಮಗಳಿಗೆ 14 ವರ್ಷ. ಬೆನ್ನುಮೂಳೆ ಪಕ್ಕಕ್ಕೆ 56 ಡಿಗ್ರಿ ಬಾಗಿದೆ, ಆಪರೇಷನ್ ಆಗಬೇಕು ಎಂದಿದ್ದಾರೆ. ಪೂರ್ತಿ ನೆಟ್ಟಗಾಗುತ್ತದೆಯೇ? ಕಾಲಿನ ಸ್ವಾಧೀನ ತಪ್ಪಿದರೆ ಎಂದು ಅವಳ ಅಜ್ಜಿಗೆ ಹೆದರಿಕೆ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಪೂರ್ತಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸಾಮಾನ್ಯವಾಗಿ ಬಾಗಿನ ಅರ್ಧಕ್ಕಿಂತ ಹೆಚ್ಚು ಸರಿಹೋಗುತ್ತದೆ. ಮುಖ್ಯ ಉದ್ದೇಶ ಅದು ಹೆಚ್ಚದಂತೆ ತಡೆಯುವುದು. 50 ಡಿಗ್ರಿ ದಾಟಿದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು 1 ಡಿಗ್ರಿ ಏರುತ್ತಾ ಹೋಗಬಹುದು.

ಅಜ್ಜಿಯ ಹೆದರಿಕೆ ಸಹಜವೇ. ಆದರೆ ಈ ವಯಸ್ಸಿನ ಸಾಮಾನ್ಯ ಬಾಗಿನಲ್ಲಿ ನರಕ್ಕೆ ಪೆಟ್ಟಾಗುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆಪರೇಷನ್ ಉದ್ದಕ್ಕೂ ನರಗಳ ವಿದ್ಯುತ್ ಸಂಕೇತ ನೋಡುತ್ತಿರುತ್ತಾರೆ. ಅದು ಕುಸಿದರೆ ರಕ್ತದೊತ್ತಡ ಏರಿಸಿ, ತಿದ್ದಿದ್ದನ್ನು ಸಡಿಲಿಸುತ್ತಾರೆ. ಈ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ. ಸಂಕೋಚ ಬೇಡ.

ಆಪರೇಷನ್‌ನಲ್ಲಿ ಬೆನ್ನುಮೂಳೆಗೆ ಕೂರಿಸುವ ಲೋಹದ ರಾಡು, ಸ್ಕ್ರೂಗಳು ಮೂಳೆ ಬೆಸೆಯುವವರೆಗಿನ ಆಧಾರ ಮಾತ್ರ, ಅಡಿಕೆ ಸಸಿಗೆ ಕೊಟ್ಟ ಊರುಗೋಲಿನಂತೆ. ಒಳಗೆ ಹಾಕಿದ ಮೂಳೆ ಚೂರುಗಳು ಬೆಸೆದುಕೊಂಡು ಗಟ್ಟಿಯಾಗಬೇಕು. ಬೆಸೆಯದಿದ್ದರೆ ಲೋಹ ದಣಿದು, ವರ್ಷಗಳ ನಂತರವೂ ರಾಡು ಮುರಿಯಬಹುದು. ಹೊಸದಾಗಿ ಶುರುವಾದ ನೋವು ಅದರ ಸುಳಿವು. ಬೆಸುಗೆ ಸೊಂಟದ ಕಡೆಗೆ ಇಳಿದಷ್ಟೂ ಬಗ್ಗುವುದು ಕಡಿಮೆಯಾಗುತ್ತದೆ.

ಶಾಲೆಗೆ ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಹೋಗಬಹುದು. ಭಾರದ ಚೀಲ, ಅಡಿಕೆ ಮೂಟೆ, ಕೊಡಪಾನ ಮಾತ್ರ ಡಾಕ್ಟರ್ ಹೇಳುವವರೆಗೆ ಮುಟ್ಟಕೂಡದು. ಗಾಯ ಒಸರಿದರೆ, ಜ್ವರ ಬಂದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.