ಒಂದು ಮುಚ್ಚಳ ಅಂದರೆ ಎಷ್ಟು?

ಪ್ರಶ್ನೆ: ಬಿಳಿ ಫಿನಾಯಿಲ್ ಕಾನ್ಸಂಟ್ರೇಟ್ ತಂದೆವು. ಡಬ್ಬಿಯ ಮೇಲೆ 1:20 ಎಂದಿದೆ. 5 ಲೀಟರಿನ ಕ್ಯಾನಿಗೆ 250 ಮಿ.ಲೀ. ಸುರಿದ ಮೇಲೆ 5 ಲೀಟರ್ ನೀರು ಹಿಡಿಸಲೇ ಇಲ್ಲ. ಎರಡು ದಿನ ಬಿಟ್ಟು ನೋಡಿದರೆ ಮೇಲೆ ಎಣ್ಣೆ ತೇಲುತ್ತಿತ್ತು. ಲೆಕ್ಕ ತಪ್ಪಿತೋ, ಮಾಲೇ ಕಳಪೆಯೋ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಲೆಕ್ಕ ತಪ್ಪಿದ್ದು ಕೂದಲೆಳೆಯಷ್ಟು. 1:20 ಅಂದರೆ ಕಾನ್ಸಂಟ್ರೇಟ್ ಒಂದು ಪಾಲು, ನೀರು ಇಪ್ಪತ್ತು ಪಾಲು, ಸೇರಿ ಇಪ್ಪತ್ತೊಂದು. 5 ಲೀಟರನ್ನು 21ರಿಂದ ಭಾಗಿಸಿದರೆ 238 ಮಿ.ಲೀ. ನೀವು ಹಾಕಿದ ಹೆಚ್ಚುವರಿ 12 ಮಿ.ಲೀ.ಯಿಂದ ನೆಲಕ್ಕೇನೂ ಆಗುವುದಿಲ್ಲ. ಪಾಲು ಕಡಿಮೆ ಇದ್ದಾಗ ಇದೇ ತಪ್ಪು ದೊಡ್ಡದಾಗುತ್ತದೆ. ದ್ರಾಕ್ಷಿ ಸ್ಕ್ವಾಷ್ 1:3 ಎಂದಿದ್ದರೆ 200 ಮಿ.ಲೀ. ಲೋಟಕ್ಕೆ 50 ಮಿ.ಲೀ. ಸಾಕು. ಮೂರರಲ್ಲಿ ಒಂದು ಎಂದುಕೊಂಡವರು 67 ಸುರಿಯುತ್ತಾರೆ, ಬಾಯಿಗಿಟ್ಟರೆ ಬರೀ ಸಕ್ಕರೆ.

ಎಣ್ಣೆ ತೇಲಿದ್ದಕ್ಕೆ ಮೊದಲು ಅನುಮಾನಿಸಬೇಕಾದ್ದು ನೀರನ್ನು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಫಿನಾಯಿಲಿನ ಸೋಪು ಒಡೆಯುತ್ತದೆ, ಎಣ್ಣೆ ಬೇರೆಯಾಗುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಚೆಲ್ಲಲು ಮನಸ್ಸಾಗದೆ ಇದಕ್ಕೆ ಬಳಸುವವರಿದ್ದಾರೆ. ಅದು ಇನ್ನೂ ಗಡಸು. ಕಾವೇರಿ ನಲ್ಲಿ ನೀರು ಹಿಡಿಯಿರಿ. ಮೊದಲು ನೀರು, ಆಮೇಲೆ ಕಾನ್ಸಂಟ್ರೇಟನ್ನು ಸಣ್ಣಗೆ ಸುರಿಯುತ್ತಾ ಕಲಕಿ. ಹಾಲಿನಂತೆ ಒಂದೇ ಬಣ್ಣ ಬಂದರೆ ಸರಿಯಾಗಿದೆ. ಕ್ಯಾನಿನಲ್ಲಿ ಈಗಿರುವುದು ಅಂಗಡಿಯಲ್ಲಿ ಸಿಗುವ ಫಿನಾಯಿಲಿಗೆ ಸಮ. ಒರೆಸುವಾಗ ಬಕೆಟ್ ನೀರಿಗೆ ಮತ್ತೆ ತೆಳು ಮಾಡಬೇಕು.

ಬಕೆಟ್ಟಿಗೆ ಒಂದು ಮುಚ್ಚಳ ಎನ್ನುವ ಅಳತೆಯನ್ನು ನಂಬಬೇಡಿ. ಬಾಟಲಿಗೊಂದು ಗಾತ್ರದ ಮುಚ್ಚಳ ಇರುತ್ತದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ ನಿಮ್ಮ ಮುಚ್ಚಳ ಎಷ್ಟು ಮಿ.ಲೀ. ಹಿಡಿಯುತ್ತದೆಂದು ಒಮ್ಮೆ ಅಳೆದು ಬಾಟಲಿಯ ಮೇಲೆ ಬರೆದಿಡಿ. ಬಕೆಟ್ಟಿಗೂ ಲೀಟರ್ ಬಾಟಲಿಯಿಂದ ನೀರು ಹಾಕುತ್ತಾ ಒಳಗಡೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ.

ಪ್ರಶ್ನೆ: ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ. ಎಂದಿದ್ದರು, ಅಷ್ಟೇ ಹಾಕಿದೆ. ದಾಸವಾಳದ ಹಿಟ್ಟು ತಿಗಣೆ ಹೋಗಲಿಲ್ಲ, ಕೆಲವು ಎಲೆಗಳು ಮಾತ್ರ ಸುಟ್ಟವು.
– ಓದುಗರೊಬ್ಬರು, ಮಂಡ್ಯ

ಉತ್ತರ: ಪ್ರಮಾಣ ಸರಿ, ಬೆರೆತಿಲ್ಲ. ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇ ಬಾಟಲಿಯ ಕೊಳವೆ ತಳದಿಂದ ಎಳೆಯುತ್ತದೆ. ಮೊದಲೆಲ್ಲ ಬರೀ ನೀರು, ಕೊನೆಯ ನಾಲ್ಕು ಎಲೆಗೆ ಬರೀ ಎಣ್ಣೆ. ತಿಗಣೆ ಉಳಿದದ್ದಕ್ಕೂ ಎಲೆ ಸುಟ್ಟದ್ದಕ್ಕೂ ಕಾರಣ ಒಂದೇ.

5 ಮಿ.ಲೀ. ಎಣ್ಣೆಗೆ 1ರಿಂದ 2 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನೀರಿಲ್ಲದೆ ಚೆನ್ನಾಗಿ ಕದಡಿ. ಆಮೇಲೆ ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಬಿಳಿಯಾದ ಮೇಲೆ ಉಳಿದ ನೀರು. ನಡುನಡುವೆ ಬಾಟಲಿ ಅಲ್ಲಾಡಿಸಿ. ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ, ಕುಡಿಯ ಸಂದಿಗೆ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಹೊಲದ 16 ಲೀಟರಿನ ಬೆನ್ನ ಸ್ಪ್ರೇಯರಿಗಾದರೆ ಎಣ್ಣೆ 80 ಮಿ.ಲೀ.

ಪ್ರಶ್ನೆ: ಬ್ಲೀಚ್ ಬಾಟಲಿಯಲ್ಲಿ 5% ಎಂದಿದೆ, ನಮಗೆ ಬೇಕಿರುವುದು 0.1%.
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಇರುವುದನ್ನು ಬೇಕಾದದ್ದರಿಂದ ಭಾಗಿಸಿ: 5 ÷ 0.1 = 50. ಇದು ಒಟ್ಟು ಪಾಲು, ಅಂದರೆ ಬ್ಲೀಚ್ 1, ನೀರು 49. ಒಂದು ಲೀಟರಿಗೆ ಬ್ಲೀಚ್ 20 ಮಿ.ಲೀ., ನೀರು 980. ತಣ್ಣೀರೇ ಇರಲಿ. ದಿನದಿನಕ್ಕೆ ಹೊಸದಾಗಿ ಮಾಡಿಕೊಳ್ಳಿ, ಇಟ್ಟರೆ ಸತ್ವ ಇಳಿಯುತ್ತದೆ. ಹಳೆಯ ಬಾಟಲಿಯಲ್ಲಿ ಬರೆದಿರುವ 5% ಈಗ ಇರಲಿಕ್ಕಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಇದಕ್ಕೆ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಚ್ಚಲಿನಲ್ಲಿ ಉಸಿರು ಕಟ್ಟುತ್ತದೆ. ಆ ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಬಳಸಬೇಡಿ. ಮಿಕ್ಕಿದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವುದಂತೂ ಬೇಡವೇ ಬೇಡ.