ಓದುಗರ ಪ್ರಶ್ನೆ, ನಮ್ಮ ಉತ್ತರ: ಫುಟ್‌ಬಾಲ್ ಅಂಗಣದಲ್ಲಿ ರಗ್ಬಿ ಆಡಿಸುವುದು

ಪ್ರಶ್ನೆ: ನಮ್ಮ ಫುಟ್‌ಬಾಲ್ ಕ್ಲಬ್‌ನ ಅಂಗಣ 105 ಮೀಟರ್ ಉದ್ದ, 68 ಮೀಟರ್ ಅಗಲ ಇದೆ. ರಗ್ಬಿ ತಂಡವೊಂದು ಒಂದು ಋತುವಿಗೆ ಬಾಡಿಗೆ ಕೇಳುತ್ತಿದೆ. ರಗ್ಬಿಗೆ ಬೇಕಿರುವುದು 100 ಮೀಟರ್ ತಾನೇ? ನಮ್ಮಲ್ಲಿ ಜಾಗ ಮಿಗಬೇಕಲ್ಲವೇ?

ಉತ್ತರ: ಮಿಗುವುದಿಲ್ಲ, ಬಹುಪಾಲು ಕಡೆ ಸಾಲದೆಯೇ ಬರುತ್ತದೆ. 100 ಮೀಟರ್ ಎನ್ನುವುದು ಈ ತುದಿಯ ಟ್ರೈ ಗೆರೆಯಿಂದ ಆ ತುದಿಯ ಟ್ರೈ ಗೆರೆಗೆ ಇರಬಹುದಾದ ಗರಿಷ್ಠ ಅಂತರ. ಆಟ ಅಲ್ಲಿಗೆ ನಿಲ್ಲುವುದಿಲ್ಲ. ಟ್ರೈ ಗೆರೆಯ ಆಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವ (ಇದೇ ಟ್ರೈ) ಇನ್‌ಗೋಲ್ ಜಾಗವಿದೆ. ಅದು ಕನಿಷ್ಠ 6 ಮೀಟರ್, ಗರಿಷ್ಠ 22 ಮೀಟರ್ ಆಳ ಇರಬೇಕು. ಅದರ ಹಿಂಬದಿಯ ಗೆರೆಯೇ ಡೆಡ್ ಬಾಲ್ ಗೆರೆ. ಅದರಾಚೆ, ಸಾಧ್ಯವಿರುವ ಕಡೆಯೆಲ್ಲ, ಏನೂ ಅಡ್ಡವಿಲ್ಲದ 5 ಮೀಟರ್ ಬಯಲು ಇರಬೇಕು.

ನಿಮ್ಮ ಅಂಗಣಕ್ಕೆ ಲೆಕ್ಕ ಹಾಕಿ. 100 ಮೀಟರ್ ಇಟ್ಟುಕೊಂಡರೆ ಟ್ರೈ ಗೆರೆ ನಿಮ್ಮ ಫುಟ್‌ಬಾಲ್ ಗೋಲ್ ಗೆರೆಯಿಂದ ಎರಡೂವರೆ ಮೀಟರ್ ಒಳಗೆ ಬರುತ್ತದೆ. 6 ಮೀಟರ್ ಇನ್‌ಗೋಲ್ ಬಿಟ್ಟರೆ ಡೆಡ್ ಬಾಲ್ ಗೆರೆ ಗೋಲ್ ಗೆರೆಯ ಹಿಂದೆ ಮೂರೂವರೆ ಮೀಟರ್‌ಗೆ ಹೋಗುತ್ತದೆ. ಬಯಲಿನ 5 ಮೀಟರ್ ಸೇರಿದರೆ ಗೋಲ್ ಗೆರೆಯ ಹಿಂದೆ ಎಂಟೂವರೆ ಮೀಟರ್ ಬೇಕು. ಫುಟ್‌ಬಾಲ್‌ಗೆಂದೇ ಕಟ್ಟಿದ, ಗ್ಯಾಲರಿ ಹತ್ತಿರವಿರುವ ಕ್ರೀಡಾಂಗಣದಲ್ಲಿ ಇಷ್ಟು ಜಾಗ ಸಿಗುವುದು ಅಪರೂಪ.

ಆದರೆ ನಿಯಮದಲ್ಲಿ ಕನಿಷ್ಠ ಮಿತಿಯೂ ಇದೆ. ಟ್ರೈ ಗೆರೆಗಳ ನಡುವೆ 94 ಮೀಟರ್ ಇದ್ದರೂ ನಡೆಯುತ್ತದೆ, ಅಗಲ 68ರಿಂದ 70 ಮೀಟರ್. 94ಕ್ಕೆ ಇಳಿಸಿದರೆ ಟ್ರೈ ಗೆರೆ ಗೋಲ್ ಗೆರೆಯಿಂದ ಐದೂವರೆ ಮೀಟರ್ ಒಳಗೆ ಬರುತ್ತದೆ, ಡೆಡ್ ಬಾಲ್ ಗೆರೆ ಗೋಲ್ ಗೆರೆಯ ಹಿಂದೆ ಬರೀ ಅರ್ಧ ಮೀಟರ್. ಆಗ ಹಿಂದೆ ಒಟ್ಟು ಐದೂವರೆ ಮೀಟರ್ ಇದ್ದರೆ ಸಾಕು. ಹೀಗೆ ಮೊಟಕು ಮಾಡಿದಾಗ ಟ್ರೈ ಗೆರೆಯಿಂದ 22 ಮೀಟರ್ ದೂರದ ಗೆರೆಯಾಗಲಿ ನಡುಗೆರೆಯಿಂದ 10 ಮೀಟರ್ ದೂರದ ತುಂಡುಗೆರೆಯಾಗಲಿ ತಮ್ಮ ಅಳತೆ ಬಿಡುವುದಿಲ್ಲ. ಅವೆರಡರ ನಡುವಿನ ಅಂತರ ಮಾತ್ರ 18 ಮೀಟರ್‌ನಿಂದ 15ಕ್ಕೆ ಇಳಿಯುತ್ತದೆ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಅರ್ಧ ಮೀಟರ್ ತಾನೇ ಎಂದು ಫುಟ್‌ಬಾಲ್ ಗೋಲ್ ಗೆರೆಯನ್ನೇ ಡೆಡ್ ಬಾಲ್ ಗೆರೆಯಾಗಿ ಬಳಸಿಬಿಡುತ್ತಾರೆ. ಆಗ ಇನ್‌ಗೋಲ್ ಐದೂವರೆ ಮೀಟರ್ ಆಗಿ ಕನಿಷ್ಠ ಮಿತಿಗಿಂತ ಕೆಳಗಿಳಿಯುತ್ತದೆ. ಪಂದ್ಯದ ಬೆಳಿಗ್ಗೆ ಅಧಿಕಾರಿ ಟೇಪು ಹಿಡಿದಾಗ ತಿದ್ದಲು ಹೊತ್ತಿರುವುದಿಲ್ಲ. ಆದ್ದರಿಂದ ಬಾಡಿಗೆಯ ಮಾತು ಎತ್ತುವ ಮೊದಲು ಗೋಲ್ ಗೆರೆಯಿಂದ ಜಾಹೀರಾತು ಫಲಕದವರೆಗೆ ಅಳೆಯಿರಿ. ಗೋಲಿನ ನೇರಕ್ಕೆ ಒಂದೇ ಕಡೆ ಅಳೆದರೆ ಸಾಲದು, ನಾಲ್ಕೂ ಮೂಲೆಗಳಲ್ಲಿ ಅಳೆಯಿರಿ. ಗ್ಯಾಲರಿ ಮೂಲೆಯಲ್ಲಿ ದುಂಡಗೆ ತಿರುಗಿರುವ ಕಡೆ ಜಾಗ ಇನ್ನೂ ಕಿರಿದಾಗಿರುತ್ತದೆ, ಟ್ರೈಗಾಗಿ ಆಟಗಾರರು ಹಾರುವುದು ಹೆಚ್ಚಾಗಿ ಅದೇ ಮೂಲೆಯಲ್ಲಿ.

ಪ್ರಶ್ನೆ: ಎಲ್‌ಇಡಿ ಜಾಹೀರಾತು ಫಲಕಗಳನ್ನು ಹಾಗೇ ಬಿಡಬಹುದೇ?

ಉತ್ತರ: 5 ಮೀಟರ್ ಬಯಲಿನೊಳಗೆ ಇದ್ದರೆ ಬಿಡಬೇಡಿ. ಫುಟ್‌ಬಾಲ್ ಆಟಗಾರ ಓಡುತ್ತ ಬಂದು ಗೆರೆಯ ಬಳಿ ನಿಲ್ಲಲು ನೋಡುತ್ತಾನೆ. ರಗ್ಬಿ ಆಟಗಾರ ಚೆಂಡನ್ನು ಅಪ್ಪಿಕೊಂಡು, ಬೆನ್ನ ಮೇಲೆ ಇನ್ನೊಬ್ಬನನ್ನು ಹೊತ್ತು, ತಲೆ ಮುಂದಾಗಿ ಜಾರುತ್ತಾನೆ. ಒದ್ದೆ ಹುಲ್ಲಿನ ಮೇಲೆ ಡೆಡ್ ಬಾಲ್ ಗೆರೆ ದಾಟಿಯೂ ಜಾರುತ್ತಾನೆ. ಫಲಕದ ಮೇಲಂಚಿನ ಲೋಹ, ಹಿಂದಿನ ಆಸರೆಯ ಕಾಲು, ವಿದ್ಯುತ್ ಪೆಟ್ಟಿಗೆ ಮೂರೂ ಅಪಾಯ. ಮೊದಲು ಫಲಕವನ್ನು ಹಿಂದಕ್ಕೆ ಸರಿಸಿ. ಸರಿಸಲಾಗದಿದ್ದರೆ ಮುಂಬದಿಗೂ ಮೇಲಂಚಿಗೂ ಒಂದೇ ತುಂಡಿನ ದಪ್ಪ ಫೋಮ್ ಹೊದಿಸಿ. ತುಂಡು ತುಂಡಾಗಿ ಕಟ್ಟಿದರೆ ಪೆಟ್ಟು ಬೀಳುವುದು ಸಂದಿಯಲ್ಲೇ. ಅಂಗಣದ ಉದ್ದದ ಬದಿಯ ಗೆರೆಯ ಪಕ್ಕ ಬದಲಿ ಆಟಗಾರರು ಕೂರುವ ಡಗ್‌ಔಟ್‌ನ ಕಂಬಗಳಿಗೂ, ನೀರು ಚಿಮ್ಮಿಸುವ ನಳಿಗೆಗಳ ಮುಚ್ಚಳಕ್ಕೂ ಇದೇ ಗಮನ ಬೇಕು.

ಪ್ರಶ್ನೆ: ರಗ್ಬಿ ಕಂಬಗಳನ್ನು ಎಲ್ಲಿ, ಹೇಗೆ ನೆಡಬೇಕು? ಫುಟ್‌ಬಾಲ್‌ಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ಕಂಬಗಳ ನಡುವಿನ ಅಂತರ 5.6 ಮೀಟರ್, ಅಡ್ಡಪಟ್ಟಿಯ ಮೇಲಂಚು ನೆಲದಿಂದ 3 ಮೀಟರ್ ಎತ್ತರ. ಕಂಬದ ಎತ್ತರ ಕನಿಷ್ಠ 3.4 ಮೀಟರ್ ಎಂದು ನಿಯಮ ಹೇಳಿದರೂ ಒದ್ದ ಚೆಂಡು ಒಳಗೆ ಹೋಯಿತೋ ಹೊರಗೆ ಹೋಯಿತೋ ತಿಳಿಯಲೆಂದು ದೊಡ್ಡ ಕ್ರೀಡಾಂಗಣಗಳಲ್ಲಿ ಇದರ ಹಲವು ಪಟ್ಟು ಎತ್ತರದ ಕಂಬಗಳನ್ನೇ ನಿಲ್ಲಿಸುತ್ತಾರೆ. ಕಂಬಕ್ಕೆ ಸುತ್ತುವ ದಿಂಬು ಟ್ರೈ ಗೆರೆಯಿಂದ 300 ಮಿಲಿಮೀಟರ್‌ಗಿಂತ ಮುಂದೆ ಚಾಚಬಾರದು.

ತೊಂದರೆ ನೆಲದೊಳಗಿನದು. ಕಂಬ ಕೂರುವ ಉಕ್ಕಿನ ಕೊಳವೆಯನ್ನು ಕಾಂಕ್ರೀಟಿನಲ್ಲಿ ಕಾಯಂ ಹೂಳಬೇಕು. ಕಂಬ ನಿಲ್ಲುವುದು ಟ್ರೈ ಗೆರೆಯ ಮೇಲೆ. 94 ಮೀಟರ್ ಅಳತೆಯಲ್ಲಿ ಅದು ಬರುವ ಜಾಗ ನೋಡಿ: ಅಂಗಣದ ನಡುರೇಖೆಯಿಂದ ಎಡಕ್ಕೆ 2.8 ಮೀಟರ್, ಬಲಕ್ಕೆ 2.8 ಮೀಟರ್, ಗೋಲ್ ಗೆರೆಯಿಂದ ಐದೂವರೆ ಮೀಟರ್ ಮುಂದೆ. ಎಂದರೆ ಸರಿಯಾಗಿ ಫುಟ್‌ಬಾಲ್‌ನ ಗೋಲ್ ಏರಿಯಾ (ಗೋಲಿನ ಮುಂದಿನ ಸಣ್ಣ ಚೌಕ) ಗೆರೆಯ ಮೇಲೆ, ಗೋಲ್‌ಕೀಪರ್ ಮುನ್ನುಗ್ಗಿ ಚೆಂಡು ಹಿಡಿಯುವಲ್ಲಿ. ಕೊಳವೆಯ ಬಾಯಿಯನ್ನು ಹುಲ್ಲಿನ ಮಟ್ಟಕ್ಕೇ ತಂದು ಮುಚ್ಚಳ ಹಾಕಿದರೆ ಕೀಪರ್‌ನ ಮೊಣಕೈ ಬೀಳುವುದು ಲೋಹದ ಮೇಲೆ. ಬಾಯಿಯನ್ನು ಮಟ್ಟದಿಂದ ಸಾಕಷ್ಟು ಕೆಳಗಿಟ್ಟು, ಮೇಲೊಂದು ತಟ್ಟೆ ಕೂರಿಸಿ, ಅದರಲ್ಲಿ ಅಂಗಣದ್ದೇ ಮರಳು, ಅಂಗಣದ್ದೇ ಹುಲ್ಲು ಬೆಳೆಸಿ. ತಟ್ಟೆ ಆಳವಿಲ್ಲದಿದ್ದರೆ ಬೇಸಿಗೆಯಲ್ಲಿ ಅಷ್ಟು ಜಾಗದ ಹುಲ್ಲು ಮಾತ್ರ ಒಣಗಿ ದುಂಡನೆಯ ಕಂದು ಮಚ್ಚೆಯಾಗಿ ಕಾಣುತ್ತದೆ.

ಅಗೆಯುವ ಮೊದಲು ಅಂಗಣ ಕಟ್ಟಿದಾಗಿನ ನಕ್ಷೆ ತರಿಸಿ. ನೆಲದಡಿಯ ತಾಪನ ಕೊಳವೆ, ನೀರಾವರಿ, ಬಸಿಗಾಲುವೆ ಎಲ್ಲವೂ ಗೋಲಿನ ಮುಂದೆಯೂ ಹಾಯ್ದಿರುತ್ತವೆ. ತಾಪನ ಕೊಳವೆ ಒಂದೇ ಕಡೆ ತುಂಡಾದರೂ ಆ ಸಾಲಿನುದ್ದಕ್ಕೂ ಚಳಿಗಾಲದಲ್ಲಿ ಹಿಮ ಕರಗುವುದಿಲ್ಲ. ಇನ್ನು ಕಂಬ ಎತ್ತುವ ಯಂತ್ರ ಅಂಗಣಕ್ಕೆ ಇಳಿಯುವುದಾದರೆ ಚಕ್ರದಡಿ ಹಲಗೆ ಹಾಸಿ, ಕೆಲಸ ಮುಗಿದ ತಕ್ಷಣ ತೆಗೆಯಿರಿ. ಬುಡದಲ್ಲಿ ಕೀಲಿದ್ದು ಮಲಗಿಸಿ ಎಬ್ಬಿಸುವಂಥ ಕಂಬ ಸಿಕ್ಕರೆ ಈ ಯಂತ್ರದ ಗೊಡವೆಯೇ ತಪ್ಪುತ್ತದೆ. ಫುಟ್‌ಬಾಲ್ ಗೋಲನ್ನು ಕಿತ್ತ ಗುಳಿಗಳು ಇನ್‌ಗೋಲ್ ಒಳಗೇ ಬರುತ್ತವೆ, ಅವನ್ನೂ ಇದೇ ರೀತಿ ಮುಚ್ಚಬೇಕು.

ಪ್ರಶ್ನೆ: ಹಳೆಯ ಗೆರೆ ಅಳಿಸಿ ಹೊಸದು ಹಾಕುವುದು ಎಷ್ಟು ಕೆಲಸ? ಹಸಿರು ಬಣ್ಣ ಹೊಡೆದರೆ ಸಾಲದೇ?

ಉತ್ತರ: 105ಕ್ಕೆ 68ರ ಅಂಗಣದಲ್ಲಿ ಫುಟ್‌ಬಾಲ್ ಗೆರೆಗಳ ಒಟ್ಟು ಉದ್ದ ಸುಮಾರು 717 ಮೀಟರ್. ಇದರಲ್ಲಿ ಎರಡು ಪಕ್ಕದ ಗೆರೆ, ಒಂದು ನಡುಗೆರೆ ರಗ್ಬಿಗೂ ಒದಗುತ್ತವೆ. ಉಳಿದ ಸುಮಾರು 440 ಮೀಟರ್ ಕಣ್ಮರೆಯಾಗಬೇಕು.

ಗೆರೆಯ ಬಣ್ಣ ಮಣ್ಣಿನಲ್ಲಿ ಇರುವುದಿಲ್ಲ, ಎಲೆಯ ಮೇಲೆ ಇರುತ್ತದೆ. ಎಲೆ ಬೆಳೆದು, ಕತ್ತರಿಸಿದಾಗ ಹೋಗುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಎರಡು ಮೂರು ಸಲ ಹುಲ್ಲು ಕತ್ತರಿಸಿದರೆ ಗೆರೆ ಮಂಕಾಗುವುದು ಅದಕ್ಕೇ. ಚಳಿಗಾಲದಲ್ಲಿ ಹುಲ್ಲು ಬೆಳೆಯುವುದಿಲ್ಲ, ಗೆರೆಯೂ ಹೋಗುವುದಿಲ್ಲ. ಬೆಳವಣಿಗೆ ತಡೆಯುವ ಔಷಧ ಸಿಂಪಡಿಸಿದ ವಾರಗಳಲ್ಲೂ ಇದೇ ಕಥೆ. ಹಸಿರು ಬಣ್ಣ ಹೊಡೆದರೆ ದೂರಕ್ಕೆ ಮರೆಯಾಗುತ್ತದೆ ನಿಜ, ಆದರೆ ಬಿಳಿ, ಹಸಿರು, ಮತ್ತೆ ಬಿಳಿ ಎಂದು ಪದರ ಕೂಡಿದಂತೆ ಎಲೆ ಬೆಳಕು ಕಾಣದೆ ಸೊರಗುತ್ತದೆ, ಆ ಸಾಲು ಬೋಳಾಗುತ್ತದೆ. ತಿಂಗಳಲ್ಲಿ ಎರಡು ಮೂರು ಸಲ ಆಟ ಬದಲಾಗುವುದಾದರೆ ನೀರಿನಲ್ಲಿ ತೊಳೆದುಹೋಗುವ ತಾತ್ಕಾಲಿಕ ಬಣ್ಣವನ್ನೇ ಮೊದಲಿನಿಂದ ಬಳಸಿ. ಎರಡೂ ಆಟಕ್ಕೆ ಒದಗುವ ಮೂರು ಗೆರೆಗಳಿಗೆ ಮಾತ್ರ ಗಟ್ಟಿ ಬಣ್ಣ ಇರಲಿ.

ಪ್ರಶ್ನೆ: ಸ್ಕ್ರಮ್‌ನಿಂದ ಹುಲ್ಲು ಹಾಳಾಗುತ್ತದೆ ಎಂದು ನಮ್ಮ ಮೈದಾನ ಸಿಬ್ಬಂದಿ ಪಟ್ಟು ಹಿಡಿದಿದ್ದಾರೆ. ಅದು ಅಷ್ಟು ನಿಜವೇ?

ಉತ್ತರ: ನಿಜ, ಅವರ ಮಾತು ಕೇಳಿ. ಸ್ಕ್ರಮ್ ಎಂದರೆ ಎರಡು ತಂಡಗಳ ಎಂಟೆಂಟು ಜನ ತೋಳು ಹೆಣೆದು ಚೆಂಡಿಗಾಗಿ ನಡೆಸುವ ತಳ್ಳಾಟ. ಹದಿನಾರು ಜನ, ಒಟ್ಟು ಒಂದೂವರೆ ಟನ್ನಿಗೂ ಮಿಕ್ಕ ಭಾರ, ಒಬ್ಬರಿಗೊಬ್ಬರು ಎದುರಾಗಿ ತಳ್ಳುತ್ತಾರೆ. ಆ ಬಲವೆಲ್ಲ ಬೂಟಿನಡಿಯ ಮೊನೆಗಳ (ಸ್ಟಡ್) ಮೂಲಕ ನೆಲಕ್ಕೆ ಇಳಿಯುತ್ತದೆ. ರಗ್ಬಿಯಲ್ಲಿ ಸ್ಟಡ್ 21 ಮಿಲಿಮೀಟರ್‌ವರೆಗೆ ಉದ್ದ ಇರಬಹುದು. ಫುಟ್‌ಬಾಲ್‌ನ ಸವೆತ ಮೇಲಿನಿಂದ ಕೆಳಕ್ಕೆ ಆಗುವಂಥದ್ದು. ಸ್ಕ್ರಮ್‌ನದು ಅಡ್ಡಡ್ಡಲಾಗಿ ಸೀಳುವ ಬಲ. ಬೇರು ಆಳಕ್ಕೆ ಇಳಿಯದ ಹುಲ್ಲು ಆಗ ಚಾಪೆಯಂತೆ ಸುರುಳಿ ಸುತ್ತಿಕೊಂಡು ಬರುತ್ತದೆ, ಕಾಲು ಜಾರಿ ಸ್ಕ್ರಮ್ ಕುಸಿಯುತ್ತದೆ. ಕುಸಿದ ಸ್ಕ್ರಮ್‌ನಡಿ ಸಿಕ್ಕಿದ ಮುಂಸಾಲಿನ ಆಟಗಾರನ ಕುತ್ತಿಗೆಗೆ ಅಪಾಯ. ಹಾಗಾಗಿ ಇದು ಬರೀ ಹುಲ್ಲಿನ ಪ್ರಶ್ನೆ ಅಲ್ಲ.

ಪರೀಕ್ಷೆ ಸುಲಭ. ಮಣ್ಣಿನ ಒಂದು ಸಣ್ಣ ಕಂಬವನ್ನು ಕೊರೆದು ತೆಗೆದು ಬೇರು ಎಷ್ಟು ಆಳಕ್ಕಿದೆ ನೋಡಿ. ಹುಲ್ಲು ಮೇಲೆ ದಟ್ಟವಾಗಿದ್ದು ಬೇರೆಲ್ಲ ಮೇಲಿನ ಎರಡು ಮೂರು ಬೆರಳಿನಲ್ಲೇ ಹೆಣೆದುಕೊಂಡಿದ್ದರೆ ಸ್ಕ್ರಮ್‌ಗೆ ಅದು ನಿಲ್ಲುವುದಿಲ್ಲ. ಹೊಸದಾಗಿ ಹಾಸಿದ ತೆಳು ಹುಲ್ಲಿನ ಮೇಲೆ ಬೇರು ಕೆಳಗಿನ ಮಣ್ಣು ಹಿಡಿಯುವವರೆಗೆ ರಗ್ಬಿ ಬೇಡವೇ ಬೇಡ. ಕೃತಕ ಎಳೆಗಳನ್ನು ಸುಮಾರು 20 ಸೆಂಟಿಮೀಟರ್ ಆಳಕ್ಕೆ ಹೊಲಿದ ಹೈಬ್ರಿಡ್ ಅಂಗಣ ಈ ಸೀಳುಬಲವನ್ನು ಚೆನ್ನಾಗಿ ತಡೆಯುತ್ತದೆ. ಬೇರು ಆ ಎಳೆಗಳಿಗೆ ಸುತ್ತಿಕೊಳ್ಳುವುದೇ ಇದಕ್ಕೆ ಕಾರಣ.

ಇನ್ನೊಂದು ಮಾತು. ಚೆಂಡು ವೇಗವಾಗಿ ಉರುಳಲೆಂದು ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ನೀರು ಚಿಮುಕಿಸುವ ರೂಢಿ ಇದೆಯಲ್ಲ, ರಗ್ಬಿ ದಿನ ಅದನ್ನು ನಿಲ್ಲಿಸಿ. ಹುಲ್ಲನ್ನೂ ಫುಟ್‌ಬಾಲ್‌ಗೆ ಇಡುವುದಕ್ಕಿಂತ ಕೆಲವು ಮಿಲಿಮೀಟರ್ ಉದ್ದ ಬಿಡಿ.

ಪ್ರಶ್ನೆ: ಒಂದೇ ವಾರಾಂತ್ಯದಲ್ಲಿ ಎರಡೂ ಆಟ ಬಂದರೆ ಯಾವುದು ಮೊದಲು?

ಉತ್ತರ: ಶನಿವಾರ ಫುಟ್‌ಬಾಲ್, ಭಾನುವಾರ ರಗ್ಬಿ. ಚೆಂಡು ನೆಲದ ಮೇಲೆ ಉರುಳಬೇಕಾದ ಆಟಕ್ಕೆ ಸಮತಟ್ಟು ಬೇಕು. ಉಲ್ಟಾ ಮಾಡಿದರೆ ಸ್ಕ್ರಮ್ ಗುಂಡಿಗಳ ಮೇಲೆ ಫುಟ್‌ಬಾಲ್ ಆಡಿಸಬೇಕಾಗುತ್ತದೆ. ಒಪ್ಪಂದದಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಮಳೆಗೆ ಮುಂದೂಡಿದ ಪಂದ್ಯ ಬಂದಾಗ ಯಾರಿಗೆ ಆದ್ಯತೆ, ನೆಲ ಆಡಲು ಯೋಗ್ಯವೇ ಎಂದು ತೀರ್ಮಾನಿಸುವವರು ಯಾರು, ದುರಸ್ತಿಯ ಖರ್ಚು ಯಾರದು. ಇಂಗ್ಲೆಂಡಿನಲ್ಲಿ ಇಂಥ ಹಂಚಿಕೆ ವರ್ಷಗಟ್ಟಲೆ ನಡೆದಿದೆ. ವಾಟ್‌ಫರ್ಡ್‌ನ ಫುಟ್‌ಬಾಲ್ ಕ್ರೀಡಾಂಗಣ ವಿಕರೇಜ್ ರೋಡ್‌ನಲ್ಲಿ ಸ್ಯಾರಸೆನ್ಸ್ ರಗ್ಬಿ ತಂಡ 1997ರಿಂದ 2013ರವರೆಗೆ ಆಡಿತು. ಬ್ರಿಸ್ಟಲ್‌ನ ಆ್ಯಷ್ಟನ್ ಗೇಟ್‌ನಲ್ಲಿ 2014ರಿಂದ ಎರಡೂ ಆಟ ನಡೆಯುತ್ತಿದೆ.

ಪ್ರಶ್ನೆ: ನಮ್ಮದು ಕೃತಕ ಹುಲ್ಲು. ಫಿಫಾ ಪ್ರಮಾಣಪತ್ರ ಇದೆ. ಸಾಕೇ?

ಉತ್ತರ: ಸಾಲದು. ರಗ್ಬಿಯ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿಯ 22ನೇ ನಿಯಂತ್ರಣದಡಿ ಪ್ರತ್ಯೇಕ ಪರೀಕ್ಷೆ ಆಗಬೇಕು, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಮುಖ್ಯವಾಗಿ ನೋಡುವುದು ತಲೆ ನೆಲಕ್ಕೆ ಬಡಿದರೆ ಆಗುವ ಆಘಾತವನ್ನು. ಕೆಳಗೆ ಆಘಾತ ಹೀರುವ ಪದರ ಇಲ್ಲದ ಅಂಗಣಗಳು ಬಹಳಷ್ಟು ಸಲ ಇಲ್ಲಿಯೇ ಸೋಲುತ್ತವೆ. ಬಣ್ಣದ ವಿಷಯದಲ್ಲಿ ಮಾತ್ರ ನಿಮಗೆ ಅನುಕೂಲ: ಕೃತಕ ಹುಲ್ಲಿನ ಮೇಲೆ ಬೇರೆ ಆಟದ ಗೆರೆಗಳು ಬೇರೆ ಬಣ್ಣದಲ್ಲಿ, ಸ್ಪಷ್ಟವಾಗಿ ಗುರುತು ಸಿಗುವಂತೆ ಇದ್ದರೆ ಫುಟ್‌ಬಾಲ್ ನಿಯಮ ಒಪ್ಪುತ್ತದೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಅದೇ ಕ್ರೀಡಾಂಗಣದಲ್ಲಿ ರಗ್ಬಿ ನೋಡುವವರು ಬಿಯರ್ ಹಿಡಿದು ಕೂರುತ್ತಾರೆ, ಫುಟ್‌ಬಾಲ್ ನೋಡುವವರಿಗೆ ಅದಿಲ್ಲ. ಏಕೆ?

ಉತ್ತರ: ಅಲ್ಲಿ 1985ರ ಕಾನೂನೊಂದು ಫುಟ್‌ಬಾಲ್ ಪಂದ್ಯದ ಹೊತ್ತಿನಲ್ಲಿ ಅಂಗಣ ಕಾಣುವ ಜಾಗದಲ್ಲಿ ಮದ್ಯ ಕುಡಿಯುವುದನ್ನು ತಡೆಯುತ್ತದೆ. ರಗ್ಬಿಗೆ ಅದು ಅನ್ವಯಿಸುವುದಿಲ್ಲ. ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವ ಪದ್ಧತಿಯೂ ರಗ್ಬಿಯಲ್ಲಿಲ್ಲ. ನಡೆಸುವವರಿಗೆ ಇದರಿಂದ ಕೆಲಸ ಕಡಿಮೆಯಾಗುವುದಿಲ್ಲ, ಬೇರೆಯಾಗುತ್ತದೆ. ಜನ ಪಂದ್ಯದ ಮಧ್ಯೆಯೇ ಎದ್ದು ಓಡಾಡುತ್ತಾರೆ, ಮೆಟ್ಟಿಲುಗಳು ತುಂಬುತ್ತವೆ, ಚೆಲ್ಲಿದ ಪಾನೀಯಕ್ಕೆ ಜಾರುತ್ತಾರೆ. ಕಾವಲಿನವರನ್ನು ಅಭಿಮಾನಿಗಳ ನಡುವಿನ ಗೆರೆಯಿಂದ ಮೆಟ್ಟಿಲು, ಓಣಿಗಳಿಗೆ ಹಾಕಿ. ಸುರಕ್ಷತಾ ಪ್ರಮಾಣಪತ್ರದಲ್ಲಿ ರಗ್ಬಿಯೂ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಒಳಗಿನ ಕೊಠಡಿಗಳಲ್ಲಿ ಏನಾದರೂ ಬದಲಿಸಬೇಕೇ?

ಉತ್ತರ: ತಂಡಕ್ಕೆ 23 ಆಟಗಾರರು, ಅಷ್ಟು ಆಸನ ಇದ್ದರಾಯಿತು. ಹೊಸದಾಗಿ ಬೇಕಿರುವುದು ತಲೆಗೆ ಪೆಟ್ಟಾದವರನ್ನು ಪರೀಕ್ಷಿಸುವ ಪ್ರತ್ಯೇಕ ಕೋಣೆ. ಗಾಯಕ್ಕೆ ಹೊಲಿಗೆ ಹಾಕುವ ಕೋಣೆಯನ್ನೇ ಇದಕ್ಕೂ ಬಳಸಬೇಡಿ. ಅಲ್ಲಿ ಸದ್ದು, ಓಡಾಟ ಹೆಚ್ಚು. ಈ ಪರೀಕ್ಷೆಯಲ್ಲಿ ಆಟಗಾರನಿಗೆ ಪದಗಳನ್ನು ಹೇಳಿ ಮತ್ತೆ ಹೇಳಿಸುತ್ತಾರೆ, ಸಮತೋಲನ ನೋಡುತ್ತಾರೆ. ಕೋಣೆ ಅಂಗಣಕ್ಕೆ ಹತ್ತಿರವಿರಲಿ, ಬಾಗಿಲು ಮುಚ್ಚುವಂತಿರಲಿ.

ಪ್ರಶ್ನೆ: ಪಂದ್ಯ ಮುಗಿದ ಮೇಲೆ ಅಂಗಣಕ್ಕೆ ಮೊದಲು ಏನು ಮಾಡಬೇಕು?

ಉತ್ತರ: ಅದೇ ಸಂಜೆ, ಕಿತ್ತ ಹುಲ್ಲಿನ ಬೇರು ಒಣಗುವ ಮೊದಲು, ತೋಟದ ಕೆಲಸದ ಫೋರ್ಕ್ ಹಿಡಿದು ಇಳಿಯಿರಿ. ಗುಂಡಿಯ ತಳವನ್ನು ಮೇಲಕ್ಕೆ ಮೀಟಬೇಡಿ, ಕೆಳಗಿನ ಮಣ್ಣು ಮೇಲೆ ಬಂದು ಉಬ್ಬಾಗುತ್ತದೆ. ಗುಂಡಿಯ ಅಂಚಿನಿಂದ ಸ್ವಲ್ಪ ಹೊರಗೆ ಫೋರ್ಕನ್ನು ಓರೆಯಾಗಿ ಚುಚ್ಚಿ, ಸುತ್ತಲಿನ ಹುಲ್ಲನ್ನು ಗುಂಡಿಯ ನಡುವಿಗೆ ತಳ್ಳುತ್ತ ಬನ್ನಿ. ಕೊನೆಗೆ ಪಾದದಿಂದ ಮೆಲ್ಲಗೆ ಒತ್ತಿ. ಅದಕ್ಕೂ ಮುಚ್ಚದಿದ್ದರೆ ನೆನೆಸಿ ಮೊಳಕೆ ಬರಿಸಿದ ರೈಗ್ರಾಸ್ ಹುಲ್ಲಿನ ಬೀಜವನ್ನು ಮರಳಿಗೆ ಬೆರೆಸಿ ತುಂಬಿ. ಒದ್ದೆಯಿರುವಾಗ ಭಾರದ ರೋಲರ್ ಎಳೆಯಬೇಡಿ. ಮೇಲೆ ಸಪಾಟಾಗಿ ಕಂಡರೂ ಮಣ್ಣು ಬಿಗಿದು ಮುಂದಿನ ಮಳೆಗೆ ನೀರು ಅಲ್ಲೇ ನಿಲ್ಲುತ್ತದೆ. ಸ್ಕ್ರಮ್ ಎಲ್ಲೆಲ್ಲಿ ಆಯಿತು ಎಂದು ಪಂದ್ಯದ ಹೊತ್ತಿನಲ್ಲೇ ಒಬ್ಬರು ಕಾಗದದ ಮೇಲೆ ಗುರುತು ಹಾಕಿಕೊಂಡಿದ್ದರೆ ಕತ್ತಲಾದ ಮೇಲೆ ಹುಡುಕುವ ಕೆಲಸ ತಪ್ಪುತ್ತದೆ.