ಝರಿಯಾದ ಗಾಳಿ

ಪ್ರಶ್ನೆ: ತಮ್ಮನಿಗೆ ಜಾರ್ಖಂಡ್‌ನ ಝರಿಯಾದಲ್ಲಿ ಕೆಲಸ ಸಿಕ್ಕಿದೆ. ಗಣಿಗೆ ಇಳಿಯೋದಿಲ್ಲ, ಆಫೀಸ್ ಕೆಲಸ. ಕಲ್ಲಿದ್ದಲಿನ ದೂಳಿನಿಂದ ಅವನಿಗೂ ತೊಂದರೆಯಾ?

ಉತ್ತರ: ಆಫೀಸಿನಲ್ಲಿ ಕೂತರೂ ಉಸಿರಾಡುವುದು ಅದೇ ಗಾಳಿ ಅಲ್ವಾ! ಅಲ್ಲಿ ದೂಳಷ್ಟೇ ಅಲ್ಲ, 1916ರಲ್ಲಿ ಮೊದಲು ಕಂಡ, ನೆಲದಡಿಯ ಕಲ್ಲಿದ್ದಲಿಗೆ ಹತ್ತಿದ ಬೆಂಕಿ ಇನ್ನೂ ಉರಿಯುತ್ತಿದೆ, ಬಿರುಕುಗಳಿಂದ ಹೊಗೆ, ಕಾರ್ಬನ್ ಮಾನಾಕ್ಸೈಡ್, ಸಲ್ಫರ್ ಡೈಆಕ್ಸೈಡ್ ಮೇಲೆ ಬರುತ್ತಲೇ ಇರುತ್ತವೆ. ಶ್ವಾಸಕೋಶ ಕಪ್ಪಾಗುವ ಕಾಯಿಲೆ ಮುಖ್ಯವಾಗಿ ವರ್ಷಗಟ್ಟಲೆ ಗಣಿಯಲ್ಲಿ ದುಡಿದವರದ್ದು. ನಿಮ್ಮ ತಮ್ಮನಿಗೆ ಅದರ ಭಯ ಕಡಿಮೆ. ಆದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. ಆಸ್ತಮಾ ಇದ್ದರೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಲಿ. ಕರ್ಚೀಫು ಸುಮ್ನೆ ಸಮಾಧಾನಕ್ಕೆ. ಎನ್95 ಮಾಸ್ಕ್ ಬಿಗಿಯಾಗಿ ಕೂತರೆ ದೂಳು ತಡೆಯುತ್ತದೆ, ಅನಿಲವನ್ನಲ್ಲ. ಬಾಡಿಗೆ ಮನೆಯನ್ನು ಬೆಂಕಿಯ ಜಾಗದಿಂದ, ಕಲ್ಲಿದ್ದಲು ಲಾರಿಗಳ ರಸ್ತೆಯಿಂದ ಆದಷ್ಟು ದೂರ ಹಿಡಿಯಲಿ.